ಮಕ್ಕಳ ಅಸ್ತಮಾಕ್ಕೆ ಅಲರ್ಜಿ ಇಂಜೆಕ್ಷನ್: ಮೈಯೊಳಗೆ ಬದಲಾಗುವುದೇನು?

ಕಾರ್ತಿಕ ಕಳೆದು ರಾಗಿ ತೆನೆ ಕಣಕ್ಕೆ ಬರುವ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರ ಕ್ಲಿನಿಕ್ಕುಗಳಲ್ಲಿ ಕೆಮ್ಮಿಕೊಂಡು ಬರುವ ಮಕ್ಕಳ ಸಂಖ್ಯೆ ಏರುತ್ತದೆ. ಬೆಳಗಿನ ಮಂಜು, ಒಕ್ಕಣೆಯ ದೂಳು, ವರ್ಷವೆಲ್ಲ ಮಡಿಸಿಟ್ಟಿದ್ದ ಕಂಬಳಿ ಎಲ್ಲವೂ ಒಟ್ಟಿಗೆ ಬರುವ ಕಾಲ ಅದು. ಈಗೀಗ ಅಪ್ಪ ಅಮ್ಮಂದಿರಿಗೆ ಇನ್‌ಹೇಲರ್ ಚೀಟಿಯ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ: ‘ಅಲರ್ಜಿ ಟೆಸ್ಟ್ ಮಾಡಿಸಿ, ಬೇಕಿದ್ದರೆ ಇಮ್ಯುನೊಥೆರಪಿ ಕೊಡೋಣ, ಮೂರು ವರ್ಷ ತಗೋಬೇಕು.’ ಮೂರು ವರ್ಷ ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅಷ್ಟು ದಿನ ಯಾಕೆ ಬೇಕು, ಯಾವ ಮಗುವಿಗೆ ಇದು ನಾಟುತ್ತದೆ, ಯಾರಿಗೆ ದುಡ್ಡು ದಂಡ ಎನ್ನುವುದೆಲ್ಲ ಒಂದೇ ಸಂಗತಿಯ ಮೇಲೆ ನಿಂತಿದೆ. ಅಲರ್ಜಿ ತರುವ ವಸ್ತುವನ್ನೇ ಅಳೆದು, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಮೈಗೆ ಕೊಡುವ ಈ ಚಿಕಿತ್ಸೆ ಕೆಮ್ಮನ್ನು ಅಡಗಿಸುವುದಿಲ್ಲ, ದೇಹದ ರೋಗನಿರೋಧಕ ವ್ಯವಸ್ಥೆ ಪ್ರತಿಕ್ರಿಯಿಸುವ ರೀತಿಯನ್ನೇ ತಿದ್ದುತ್ತದೆ.

ಉಬ್ಬಸದ ಹಿಂದೆ ಇರುವ ಅಲರ್ಜಿ

ಅಸ್ತಮಾ ಅಂದರೆ ಶ್ವಾಸನಾಳಗಳ ಒಳಗೋಡೆಯಲ್ಲಿ ಸದಾ ಇರುವ ಊತ. ಉಬ್ಬಸ, ದಮ್ಮು, ಎದೆಯ ಗುಯ್‌ಗುಟ್ಟುವಿಕೆ ಆ ಊತ ಹೆಚ್ಚಾದಾಗ ಹೊರಗೆ ಕಾಣುವ ಲಕ್ಷಣಗಳು. ಶಾಲೆಗೆ ಹೋಗುವ ವಯಸ್ಸಿನ ಅಸ್ತಮಾ ಮಕ್ಕಳಲ್ಲಿ ಬಹುಪಾಲು ಮಂದಿಗೆ ಈ ಊತದ ಹಿಂದೆ ಅಲರ್ಜಿ ಇರುತ್ತದೆ. ಮಿಕ್ಕವರಿಗೆ ಬೇರೆ ಕಾರಣಗಳು.

ಅಲರ್ಜಿ ಉಂಟುಮಾಡುವ ವಸ್ತುವಿಗೆ ಅಲರ್ಜನ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಒಂದು ಪ್ರೋಟೀನು. ಮನೆದೂಳಿನ ನುಸಿಯದು, ಹುಲ್ಲಿನ ಪರಾಗದ್ದು, ಜಿರಳೆಯದು, ಬೆಕ್ಕು ನಾಯಿಯದು. ಇದು ವಿಷವಲ್ಲ. ಪಕ್ಕದಲ್ಲಿ ಮಲಗಿರುವ ಅಣ್ಣನೂ ಅದೇ ಗಾಳಿ ಉಸಿರಾಡುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ತೊಂದರೆ ವಸ್ತುವಿನಲ್ಲಿಲ್ಲ, ಅದನ್ನು ಶತ್ರು ಎಂದು ತಪ್ಪಾಗಿ ದಾಖಲಿಸಿಕೊಂಡ ದೇಹದಲ್ಲಿದೆ.

ಆ ದಾಖಲಾತಿ ಹೀಗೆ ನಡೆಯುತ್ತದೆ. ಅಲರ್ಜನ್ ಮೊದಲ ಸಲ ಉಸಿರಿನ ದಾರಿಗೆ ಬಂದಾಗ ಅಲ್ಲಿನ ಕಾವಲು ಜೀವಕೋಶಗಳು ಅದನ್ನು ಹಿಡಿದು ಚೂರುಮಾಡಿ ಟಿ-ಕೋಶ ಎಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅಲರ್ಜಿಯ ಪ್ರವೃತ್ತಿ ಇರುವ ಮಗುವಿನಲ್ಲಿ ಆ ಟಿ-ಕೋಶಗಳು ‘ಟಿಎಚ್2’ ಎಂಬ ಬಗೆಗೆ ತಿರುಗುತ್ತವೆ. ಟಿಎಚ್2 ಕೋಶಗಳು ಹೊರಡಿಸುವ ಸಂದೇಶ ರಾಸಾಯನಿಕಗಳಲ್ಲಿ ಮೂರು ಮುಖ್ಯ. ಐಎಲ್-4 ಎಂಬುದು ಬಿ-ಕೋಶಗಳಿಂದ ಐಜಿಇ ಎಂಬ ಪ್ರತಿಕಾಯ ತಯಾರು ಮಾಡಿಸುತ್ತದೆ. ಐಎಲ್-5 ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸುತ್ತದೆ. ಐಎಲ್-13 ಶ್ವಾಸನಾಳದಲ್ಲಿ ಲೋಳೆ ಹೆಚ್ಚಿಸಿ, ಅದರ ಸ್ನಾಯುಗಳು ಸಣ್ಣದಕ್ಕೂ ಮುದುಡುವಂತೆ ಮಾಡುತ್ತದೆ.

ತಯಾರಾದ ಐಜಿಇ ಮೂಗು, ಶ್ವಾಸನಾಳ, ಚರ್ಮದಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಹೋಗಿ ಅಂಟಿಕೊಂಡು ಕಾಯುತ್ತದೆ. ಇಷ್ಟರವರೆಗೆ ಮಗುವಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮುಂದಿನ ಸಲ ಅದೇ ಅಲರ್ಜನ್ ಬಂದು ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ಕಚ್ಚಿಕೊಂಡಿತೋ, ಮಾಸ್ಟ್ ಕೋಶ ನಿಮಿಷಗಳಲ್ಲಿ ಒಡೆದು ಹಿಸ್ಟಮಿನ್, ಲ್ಯುಕೋಟ್ರೈನ್ ಎಂಬ ಕೆರಳಿಸುವ ರಾಸಾಯನಿಕಗಳನ್ನು ಹೊರಸೂಸುತ್ತದೆ. ಸೀನು, ಕೆಮ್ಮು, ಉಸಿರು ಬಿಗಿಯುವುದು ಆಗಲೇ. ನಾಲ್ಕರಿಂದ ಎಂಟು ಗಂಟೆಗಳ ನಂತರ ಇಯೋಸಿನೋಫಿಲ್‌ಗಳ ದಂಡು ಬಂದು ಎರಡನೇ ಸುತ್ತು ಶುರುವಾಗುತ್ತದೆ. ಸಂಜೆ ಅಟ್ಟ ಗುಡಿಸುವಾಗ ಬರೀ ಸೀನಿದ ಮಗು ನಡುರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುವುದಕ್ಕೆ ಈ ಎರಡನೇ ಸುತ್ತೂ ಒಂದು ಕಾರಣ.

ಕಟ್ಟಿಹಾಕುವುದು, ಪರಿಚಯ ಮಾಡಿಸುವುದು

ಮನೆಗೆ ಬರುವ ನೆಂಟರನ್ನು ಕಂಡರೆ ಮೈಮೇಲೆ ಬೀಳುವ ನಾಯಿಯನ್ನು ಸುಧಾರಿಸಲು ಎರಡು ದಾರಿಗಳಿವೆ. ಒಂದು, ಸರಪಳಿಯಲ್ಲಿ ಕಟ್ಟುವುದು. ಇನ್ನೊಂದು, ಅದೇ ನೆಂಟರನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ದಿನವೂ ತೋರಿಸಿ ಪರಿಚಯ ಮಾಡಿಸುವುದು. ಸ್ಟೀರಾಯ್ಡ್ ಇನ್‌ಹೇಲರ್ ಮೊದಲನೆಯದು. ತೆಗೆದುಕೊಳ್ಳುವಷ್ಟು ದಿನ ಊತವನ್ನು ಚೆನ್ನಾಗಿ ಹತೋಟಿಯಲ್ಲಿಡುತ್ತದೆ, ಬಿಟ್ಟರೆ ಅಲರ್ಜಿ ಇದ್ದಲ್ಲೇ ಇರುತ್ತದೆ. ಇಮ್ಯುನೊಥೆರಪಿ ಎರಡನೆಯದು. ಪರಿಚಯಕ್ಕೆ ತಿಂಗಳುಗಳು ಬೇಕು, ನಡುವೆ ಬಿಟ್ಟರೆ ಮರೆತುಹೋಗುತ್ತದೆ, ಒಬ್ಬ ನೆಂಟರ ಪರಿಚಯ ಆದ ಮಾತ್ರಕ್ಕೆ ಅಪರಿಚಿತರೆಲ್ಲರ ಮೇಲೂ ಸುಮ್ಮನಿರುತ್ತದೆ ಅಂತಲೂ ಅಲ್ಲ. ಪರಿಚಯ ಪೂರ್ತಿ ಆಗುವವರೆಗೆ ಸರಪಳಿ ಬಿಚ್ಚುವ ಹಾಗೂ ಇಲ್ಲ. ಇಮ್ಯುನೊಥೆರಪಿ ಶುರುವಾಯಿತೆಂದು ಇನ್‌ಹೇಲರ್ ನಿಲ್ಲಿಸುವುದು ತೀರಾ ಅಪಾಯದ ತಪ್ಪು.

ಈ ಆಲೋಚನೆ ಹೊಸದಲ್ಲ. ಲಿಯೊನಾರ್ಡ್ ನೂನ್ ಎಂಬ ವೈದ್ಯರು 1911ರಲ್ಲೇ ಲಂಡನ್ನಿನಲ್ಲಿ ಹುಲ್ಲಿನ ಪರಾಗದ ಸಾರವನ್ನು ಅಲರ್ಜಿ ಇದ್ದವರಿಗೆ ಚುಚ್ಚಿ, ಫಲ ಕಂಡು ಪ್ರಕಟಿಸಿದ್ದರು. ಐಜಿಇ ಎಂಬುದೊಂದಿದೆ ಎಂದು ವಿಜ್ಞಾನಕ್ಕೆ ಗೊತ್ತಾಗಿದ್ದು 1960ರ ದಶಕದಲ್ಲಿ. ಚಿಕಿತ್ಸೆ ಮೊದಲು ಬಂತು, ಅದು ಯಾಕೆ ನಾಟುತ್ತದೆ ಎಂಬ ಉತ್ತರ ಬಹಳ ತಡವಾಗಿ ಸಿಕ್ಕಿತು.

ಇಂಜೆಕ್ಷನ್ ಒಳಹೋದ ಮೇಲೆ

ಅಲರ್ಜನ್ ಬಂದ ದಾರಿಯೂ ಅದರ ಪ್ರಮಾಣವೂ ಬದಲಾದರೆ ದೇಹ ಅದನ್ನು ಓದುವ ರೀತಿಯೂ ಬದಲಾಗುತ್ತದೆ. ಉಸಿರಿನಲ್ಲಿ ಸೇರುವುದು ಅತ್ಯಲ್ಪ, ಅದೂ ಊದಿಕೊಂಡ ಶ್ವಾಸನಾಳದ ಮೂಲಕ. ಇಂಜೆಕ್ಷನ್ನಿನಲ್ಲಿ ಕೊಡುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದೂ ಚರ್ಮದಡಿಗೆ, ಲೆಕ್ಕಹಾಕಿ.

ಮೊದಲ ಬದಲಾವಣೆ ಮಾಸ್ಟ್ ಕೋಶ ಮತ್ತು ರಕ್ತದಲ್ಲಿ ಅದೇ ಬಗೆಯ ಕೆಲಸ ಮಾಡುವ ಬೇಸೋಫಿಲ್ ಕೋಶಗಳಲ್ಲಿ. ಆರಂಭದ ಡೋಸುಗಳಲ್ಲೇ ಇವು ಸುಲಭವಾಗಿ ಒಡೆಯುವ ಗುಣ ಕಳೆದುಕೊಳ್ಳತೊಡಗುತ್ತವೆ. ಸಣ್ಣ ಡೋಸಿನಿಂದ ಶುರುಮಾಡಿ ಏರಿಸುತ್ತಾ ಹೋದರೆ ದೊಡ್ಡ ಡೋಸನ್ನೂ ಮಗು ತಾಳಿಕೊಳ್ಳುವುದು ಇದರಿಂದ.

ಎರಡನೆಯದು ಟಿ-ಕೋಶಗಳ ಮಟ್ಟದ್ದು, ಇಡೀ ಚಿಕಿತ್ಸೆಯ ತಿರುಳು ಇಲ್ಲಿದೆ. ವಾರಗಳು ಕಳೆದಂತೆ ‘ಟಿ-ರೆಗ್’ ಎಂಬ ನಿಯಂತ್ರಕ ಕೋಶಗಳು ಆ ಅಲರ್ಜನ್ನಿಗೆ ಅಂತಲೇ ಬೆಳೆಯುತ್ತವೆ. ಇವು ಐಎಲ್-10, ಟಿಜಿಎಫ್-ಬೀಟಾ ಎಂಬ ಸಂದೇಶಗಳ ಮೂಲಕ ಟಿಎಚ್2 ಕೋಶಗಳನ್ನು ತಣ್ಣಗಾಗಿಸುತ್ತವೆ. ಟಿಎಚ್2 ತಣ್ಣಗಾದರೆ ಐಎಲ್-4, 5, 13 ಮೂರೂ ಇಳಿಯುತ್ತವೆ.

ಮೂರನೆಯದು ಪ್ರತಿಕಾಯಗಳದ್ದು. ಐಎಲ್-10ರ ಪ್ರಭಾವದಲ್ಲಿ ಬಿ-ಕೋಶಗಳು ಐಜಿಇ ಬದಲು ಐಜಿಜಿ4 ಎಂಬ ಇನ್ನೊಂದು ಬಗೆಯ ಪ್ರತಿಕಾಯ ತಯಾರಿಸತೊಡಗುತ್ತವೆ. ಇದು ಅಲರ್ಜನ್ನನ್ನು ಮಾಸ್ಟ್ ಕೋಶದ ಮೇಲಿನ ಐಜಿಇಗೆ ತಲುಪುವ ಮೊದಲೇ ಹಿಡಿದುಬಿಡುತ್ತದೆ. ಹೀಗಾಗಿ ಒಡೆಯಬೇಕಿದ್ದ ಕೋಶ ಒಡೆಯುವುದಿಲ್ಲ. ಚಿಕಿತ್ಸೆಯಲ್ಲಿ ಐಜಿಜಿ4 ಹತ್ತು ಪಟ್ಟಿನಿಂದ ನೂರು ಪಟ್ಟಿನವರೆಗೂ ಏರಬಹುದು.

ಇಲ್ಲಿ ಪೋಷಕರು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಆ ಅಲರ್ಜನ್ನಿನ ಐಜಿಇ ಮೊದಲ ತಿಂಗಳುಗಳಲ್ಲಿ ಇಳಿಯುವುದಿಲ್ಲ, ಸ್ವಲ್ಪ ಏರಲೂಬಹುದು. ಅದು ಇಳಿಯುವುದು ನಿಧಾನವಾಗಿ, ವರ್ಷಗಳಲ್ಲಿ. ಹಾಗಾಗಿ ‘ಗುಣ ಕಾಣ್ತಿದೆಯಾ’ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಐಜಿಇ ರಕ್ತಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಮಗುವಿನ ರಾತ್ರಿ ನಿದ್ದೆ, ಆಟ, ಶಾಲೆಗೆ ತಪ್ಪಿದ ದಿನ, ಉಬ್ಬಸ ಬಂದಾಗ ಎಳೆಯುವ ನೀಲಿ ಇನ್‌ಹೇಲರ್ ಬಳಕೆ ಇವೇ ಅಳತೆಗಳು. ಇನ್ನೊಂದು, ರಕ್ತ ತೆಗೆದು ನೂರಾರು ತಿನಿಸುಗಳ ಪಟ್ಟಿಯಲ್ಲಿ ‘ಐಜಿಜಿ ಪಾಸಿಟಿವ್’ ಎಂದು ಕೆಂಪು ಗುರುತು ಹಾಕಿ ಕೊಡುವ ಪರೀಕ್ಷೆಗಳು. ಐಜಿಜಿ ಇದೆ ಎಂದರೆ ಮಗು ಆ ಪದಾರ್ಥ ತಿಂದಿದೆ, ದೇಹ ಅದಕ್ಕೆ ಹೊಂದಿಕೊಂಡಿದೆ ಎಂದಷ್ಟೇ ಅರ್ಥ. ಇಮ್ಯುನೊಥೆರಪಿ ಬೆಳೆಸಲು ಹೊರಟಿರುವುದೂ ಅಂಥದ್ದೇ ಪ್ರತಿಕಾಯವನ್ನು. ಆ ಪಟ್ಟಿ ನಂಬಿ ಬೆಳೆಯುವ ಮಗುವಿಗೆ ಹಾಲು, ಮೊಟ್ಟೆ, ಕಡಲೆಕಾಯಿ ನಿಲ್ಲಿಸುವುದು ಅನ್ಯಾಯ.

ಯಾವ ಅಲರ್ಜಿ ಎಂದು ಪತ್ತೆಹಚ್ಚುವುದು

ಸರಿಯಾದ ಅಲರ್ಜನ್ ಗೊತ್ತಾಗದೆ ಚಿಕಿತ್ಸೆ ಶುರುಮಾಡಿದರೆ ಮೂರು ವರ್ಷವೂ ವ್ಯರ್ಥ. ಇದಕ್ಕೆ ಚರ್ಮದ ಚುಚ್ಚು ಪರೀಕ್ಷೆ ಅನುಕೂಲವಾದದ್ದು. ಮುಂಗೈ ಒಳಭಾಗದಲ್ಲಿ ಒಂದೊಂದು ಅಲರ್ಜನ್ನಿನ ಹನಿಯಿಟ್ಟು, ರಕ್ತ ಬಾರದಂತೆ ಮೇಲುಚರ್ಮವನ್ನಷ್ಟೇ ಚುಚ್ಚಿ, 15-20 ನಿಮಿಷ ಬಿಟ್ಟು ನೋಡುತ್ತಾರೆ. ಜೊತೆಗೆ ಹಿಸ್ಟಮಿನ್ ಹನಿ ಒಂದು, ಬರೀ ಸಲೈನ್ ಹನಿ ಒಂದು ಇರಲೇಬೇಕು. ಸಲೈನಿಗಿಂತ ಕನಿಷ್ಠ 3 ಮಿ.ಮೀ. ದೊಡ್ಡ ದದ್ದು ಎದ್ದರೆ ಪಾಸಿಟಿವ್. ಹಿಸ್ಟಮಿನ್ ಜಾಗದಲ್ಲೂ ದದ್ದು ಏಳದಿದ್ದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಮಗು ನೆಗಡಿಗೆ ಹಿಸ್ಟಮಿನ್ ತಡೆಯುವ ಸೆಟಿರಿಜಿನ್ ತೆಗೆದುಕೊಂಡಿದ್ದಾಗ ಹೀಗಾಗುತ್ತದೆ. ಆ ಬಗೆಯ ಮಾತ್ರೆ, ಸಿರಪ್ಪುಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು. ಇನ್‌ಹೇಲರ್ ನಿಲ್ಲಿಸುವ ಅಗತ್ಯವಿಲ್ಲ.

ಒಟ್ಟು ಐಜಿಇ ಎಂಬ ಒಂದೇ ಅಂಕಿ ನೋಡಿ ತೀರ್ಮಾನಿಸುವವರಿದ್ದಾರೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಆ ಅಂಕಿ ಬಹಳ ಏರುತ್ತದೆ. ಬರಿಗಾಲಲ್ಲಿ ಹೊಲ ತೋಟ ಸುತ್ತುವ ಮಕ್ಕಳಲ್ಲಿ ಇದನ್ನು ಮರೆಯಬಾರದು. ನೋಡಬೇಕಾದದ್ದು ನಿರ್ದಿಷ್ಟ ಅಲರ್ಜನ್ನಿನ ಐಜಿಇಯನ್ನು. ಅದು ಪಾಸಿಟಿವ್ ಬಂದರೂ ಸಾಲದು. ಆ ವಸ್ತುವಿನ ಸಂಪರ್ಕಕ್ಕೂ ಮಗುವಿನ ಕಾಯಿಲೆಗೂ ತಾಳೆಯಾಗಬೇಕು.

ನಮ್ಮ ಜಿಲ್ಲೆಗಳಲ್ಲಿ ತಾಳೆ ನೋಡುವುದು ಹೇಗೆ? ವರ್ಷವೆಲ್ಲ, ಅದರಲ್ಲೂ ಬೆಳಗಿನ ಜಾವ ಹಾಸಿಗೆಯಲ್ಲೇ ಸೀನು ಕೆಮ್ಮು ಇದ್ದರೆ ಮನೆದೂಳಿನ ನುಸಿಯ ಮೇಲೆ ಗುಮಾನಿ. ತುಮಕೂರಿನ ತೋಟದವರು ಬಲ್ಲ ತೆಂಗಿನ ನುಸಿಯಲ್ಲ ಇದು. ಹತ್ತಿ ಹಾಸಿಗೆ, ದಿಂಬು, ಕಂಬಳಿಯಲ್ಲಿದ್ದು ನಮ್ಮ ಚರ್ಮದ ಹೊಟ್ಟು ತಿಂದು ಬದುಕುವ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲದ ಜೀವಿ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಮಳೆ ನಿಂತ ಮೇಲೆ ರಸ್ತೆ ಬದಿ, ಬೀಳು ಹೊಲಗಳಲ್ಲಿ ಬೆಳ್ಳಗೆ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ ಮೂಗಿನ ಅಲರ್ಜಿ ತರುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ, ಗೂಡು ಬಿಚ್ಚುವ ಮನೆಗಳಲ್ಲಿ ಪತಂಗದ ಹೊಟ್ಟು, ಪ್ಯೂಪಾ, ನೂಲಿನ ಅಂಟು ಎಲ್ಲವೂ ಅಲರ್ಜನ್‌ಗಳಾಗಬಲ್ಲವು. ನೂಲು ಬಿಚ್ಚುವ ಕೆಲಸಗಾರರಲ್ಲಿ ಇಂಥ ಅಸ್ತಮಾ ದಾಖಲಾಗಿದೆ. ಮಗು ಹುಳುವಿನ ಮನೆಯಲ್ಲೇ ಮಲಗುತ್ತಿದ್ದರೆ ಮೊದಲು ಮಲಗುವ ಜಾಗ ಬದಲಿಸಿ ನೋಡಬೇಕು.

ಆದರೆ ಚಿಕ್ಕಬಳ್ಳಾಪುರದ ಕಲ್ಲು ಕ್ರಷರ್ ದೂಳು, ಸೌದೆ ಒಲೆಯ ಹೊಗೆ, ಸೊಳ್ಳೆ ಬತ್ತಿ, ಮಾಗಿಯ ತಣ್ಣನೆ ಗಾಳಿ ಇವು ಅಲರ್ಜನ್‌ಗಳಲ್ಲ. ಐಜಿಇ ಹಾದಿಗೆ ಬಾರದೆ ನೇರವಾಗಿ ಶ್ವಾಸನಾಳವನ್ನು ಕೆರಳಿಸುತ್ತವೆ. ಇವಕ್ಕೆ ಇಮ್ಯುನೊಥೆರಪಿ ಎಂಬುದೇ ಇಲ್ಲ. ನೆಗಡಿ ವೈರಸ್ಸಿನಿಂದ ಏರುವ ಉಬ್ಬಸಕ್ಕೂ ಇದು ನೇರ ಮದ್ದಲ್ಲ. ಚಿಕಿತ್ಸೆ ನಾಟಲಿಲ್ಲ ಎಂದು ಬೇಸರಪಡುವ ಎಷ್ಟೋ ಮನೆಗಳಲ್ಲಿ ಮಗು ಮಲಗುವ ಕೋಣೆಯಲ್ಲೇ ಸೊಳ್ಳೆ ಬತ್ತಿ ಉರಿಯುತ್ತಿರುತ್ತದೆ.

ಬಾಟಲಿಯೊಳಗೆ ಏನಿರಬೇಕು

ಮಕ್ಕಳ ಅಸ್ತಮಾದಲ್ಲಿ ಗಟ್ಟಿ ಪುರಾವೆ ಇರುವುದು ಮುಖ್ಯವಾಗಿ ಮನೆದೂಳಿನ ನುಸಿ ಮತ್ತು ಕೆಲವು ಪರಾಗಗಳಿಗೆ. ಪ್ರತಿ ನಿರ್ವಹಣಾ ಡೋಸಿನಲ್ಲಿ (ಏರಿಸುತ್ತಾ ಹೋಗಿ ಕೊನೆಗೆ ಮುಟ್ಟುವ, ಆಮೇಲೆ ಬದಲಿಸದೆ ಕೊಡುವ ಡೋಸು) ಮುಖ್ಯ ಅಲರ್ಜನ್ ಸುಮಾರು 5ರಿಂದ 20 ಮೈಕ್ರೋಗ್ರಾಂ ಇರಬೇಕು. ತೀರಾ ಕಡಿಮೆ ಡೋಸು ಟಿ-ರೆಗ್ ಕೋಶಗಳನ್ನು ಎಬ್ಬಿಸುವುದಿಲ್ಲ, ನೀರು ಚುಚ್ಚಿದಷ್ಟೇ ಲಾಭ. ಹತ್ತು ಹನ್ನೆರಡು ಅಲರ್ಜನ್‌ಗಳನ್ನು ಒಂದೇ ಬಾಟಲಿಗೆ ಬೆರೆಸಿದರೆ ಒಂದೊಂದರ ಪಾಲೂ ಈ ಅಳತೆಗಿಂತ ಕೆಳಗಿಳಿಯುತ್ತದೆ. ಸಾಲದ್ದಕ್ಕೆ ಬೂಷ್ಟು ಮತ್ತು ಜಿರಳೆಯ ಸಾರದಲ್ಲಿರುವ ಕಿಣ್ವಗಳು ಪಕ್ಕದ ಪರಾಗ ಪ್ರೋಟೀನನ್ನು ಜೀರ್ಣಿಸಿ ಕೆಡಿಸುತ್ತವೆ. ನಿಮ್ಮ ಮಗುವಿನ ಬಾಟಲಿಯಲ್ಲಿ ಏನೇನಿದೆ, ಯಾಕಿದೆ ಎಂದು ಕೇಳುವುದು ಪೋಷಕರ ಹಕ್ಕು.

ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೂ ಕೆಡುತ್ತದೆ, ಕರೆಂಟು ಹೋಗಿ ದಿನಗಟ್ಟಲೆ ಬೆಚ್ಚಗಿದ್ದರೂ ಕೆಡುತ್ತದೆ.

ಇಂಜೆಕ್ಷನ್ ದಿನದ ಲೆಕ್ಕ

ಸಾಮಾನ್ಯವಾಗಿ 5 ವರ್ಷ ದಾಟಿದ ಮಕ್ಕಳಿಗೆ ಕೊಡುತ್ತಾರೆ. ಅದಕ್ಕಿಂತ ಚಿಕ್ಕವರು ಗಂಟಲು ಬಿಗಿದರೆ, ಎದೆ ಹಿಡಿದರೆ ಬಾಯಿಬಿಟ್ಟು ಹೇಳಲಾರರು. ಮೊದಲ ಮೂರರಿಂದ ಆರು ತಿಂಗಳು ಏರಿಕೆಯ ಹಂತ. ತೀರಾ ತೆಳುಮಾಡಿದ ಬಾಟಲಿಯಿಂದ ಶುರುಮಾಡಿ ವಾರಕ್ಕೆ ಒಂದೋ ಎರಡೋ ಇಂಜೆಕ್ಷನ್, ಪ್ರತಿ ಸಲ ಸ್ವಲ್ಪ ಹೆಚ್ಚು. 0.05 ಮಿ.ಲೀ., 0.1, 0.2 ಹೀಗೆ 0.5ರವರೆಗೆ ಹೋಗಿ, ಆಮೇಲೆ ಹತ್ತು ಪಟ್ಟು ಗಾಢವಾದ ಮುಂದಿನ ಬಾಟಲಿ. ಗುರಿ ಮುಟ್ಟಿದ ಮೇಲೆ ಅದೇ ಡೋಸು, ಸುಮಾರು ನಾಲ್ಕು ವಾರಕ್ಕೊಮ್ಮೆ.

ಚುಚ್ಚುವ ಮೊದಲು ಮಗುವಿಗೆ ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಬೇಕು. ಅದರ ಒಳ್ಳೆಯ ದಿನದ ಅಳತೆಗಿಂತ ಶೇ 20ರಷ್ಟು ಇಳಿದಿದ್ದರೆ, ಜ್ವರವಿದ್ದರೆ, ಹಿಂದಿನ ರಾತ್ರಿ ಉಬ್ಬಸ ಬಂದಿದ್ದರೆ ಆ ದಿನ ಇಂಜೆಕ್ಷನ್ ಬೇಡ. ‘ಅಷ್ಟು ದೂರದಿಂದ ಬಂದಿದೀವಿ, ಹಾಕಿಬಿಡಿ’ ಎಂದು ಒತ್ತಾಯಿಸುವುದು ಸಲ್ಲದು. ಇಮ್ಯುನೊಥೆರಪಿಯಿಂದ ಆದ ಸಾವುಗಳು ಬಹಳ ಅಪರೂಪ, ಆದರೆ ಅವುಗಳಲ್ಲಿ ಹೆಚ್ಚಿನವು ಅಸ್ತಮಾ ಹತೋಟಿಯಲ್ಲಿಲ್ಲದವರಲ್ಲೇ ಆಗಿವೆ.

ಚುಚ್ಚುವ ಜಾಗ ಭುಜಕ್ಕೂ ಮೊಣಕೈಗೂ ನಡುವೆ, ತೋಳಿನ ಹಿಂಬದಿ. ಚರ್ಮದ ಕೆಳಗಿನ ಕೊಬ್ಬಿಗೆ ಹೋಗಬೇಕು, ಸ್ನಾಯುವಿಗಲ್ಲ. ಸ್ನಾಯುವಿಗೆ ಹೋದರೆ ಬೇಗ ರಕ್ತಕ್ಕೆ ಸೇರಿ ಪ್ರತಿಕ್ರಿಯೆ ಆಗುವ ಸಂಭವ ಹೆಚ್ಚು. ಆಮೇಲೆ 30 ನಿಮಿಷ ಅಲ್ಲೇ ಕೂರಬೇಕು. ಗಂಭೀರ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಇಷ್ಟರೊಳಗೆ ಕಾಣಿಸಿಕೊಳ್ಳುತ್ತವೆ. ಚುಚ್ಚಿದ ಜಾಗ ಎರಡು ಮೂರು ಸೆಂ.ಮೀ. ಕೆಂಪಾಗಿ ಊದಿ ತುರಿಸಿದರೆ ಗಾಬರಿ ಬೇಡ, ತಣ್ಣೀರ ಬಟ್ಟೆ ಸಾಕು. ಆ ದಿನ ಒಂದೆರಡು ಗಂಟೆ ಓಟ, ಕಬಡ್ಡಿ ಬೇಡ.

ಅಂಗೈ ಅಂಗಾಲು ತುರಿಕೆ, ಮೈತುಂಬ ದದ್ದು, ಗಂಟಲು ಬಿಗಿತ, ಕೆಮ್ಮು, ವಾಂತಿ, ತಲೆಸುತ್ತು ಶುರುವಾದರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೆ ಅಪಾಯ ತರಬಲ್ಲ ಅಲರ್ಜಿ ಪ್ರತಿಕ್ರಿಯೆ. ಮೊದಲ ಮದ್ದು ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ, ಕೆ.ಜಿ.ಗೆ 0.01 ಮಿ.ಗ್ರಾಂ. 20 ಕೆ.ಜಿ. ಮಗುವಿಗೆ, 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ದ್ರಾವಣದಲ್ಲಿ 0.2 ಮಿ.ಲೀ. ಅವಿಲ್, ಸ್ಟೀರಾಯ್ಡ್ ಇಂಜೆಕ್ಷನ್ ಮೊದಲು ಕೊಟ್ಟು ಕಾಯುವುದು ತಪ್ಪು ಕ್ರಮ, ಅವು ಈ ವೇಗಕ್ಕೆ ಬರುವುದಿಲ್ಲ. ಮೈಯೆಲ್ಲ ಆವರಿಸುವ ಪ್ರತಿಕ್ರಿಯೆ ಸುಮಾರು ಸಾವಿರ ಭೇಟಿಗೆ ಒಂದರಷ್ಟು, ಅದರಲ್ಲೂ ಹೆಚ್ಚಿನವು ಸೌಮ್ಯ.

ಇದೇ ಕಾರಣಕ್ಕೆ ಬಾಟಲಿಯನ್ನು ಊರಿಗೆ ಒಯ್ದು ಹತ್ತಿರದ ಕಾಂಪೌಂಡರ್ ಕೈಲಿ ಚುಚ್ಚಿಸುವುದು ಬೇಡ. ಪಾವಗಡದಿಂದ ತುಮಕೂರಿಗೆ, ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ ವಾರ ವಾರ ಮಗುವನ್ನು ಕರೆತರುವ ಕಷ್ಟ ದೊಡ್ಡದು, ಕೂಲಿಯೂ ಹೋಗುತ್ತದೆ. ಆದರೂ ಅಡ್ರಿನಲಿನ್, ಆಮ್ಲಜನಕ, ಅದನ್ನು ಬಳಸಬಲ್ಲ ಡಾಕ್ಟರು ಇಲ್ಲದ ಕಡೆ ಈ ಇಂಜೆಕ್ಷನ್ ಕೊಡುವಂತಿಲ್ಲ. ನಡುವೆ ಕೆಲವು ವಾರ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಸಬಾರದು. ಡೋಸು ಇಳಿಸಿ ಮತ್ತೆ ಏರಿಸಬೇಕು, ತಪ್ಪಿದ್ದನ್ನು ಮರೆಮಾಚದೆ ಡಾಕ್ಟರಿಗೆ ಹೇಳಬೇಕು.

ನಾಲಗೆ ಅಡಿಯ ಹನಿ

ದೂರದವರಿಗೆ ಇನ್ನೊಂದು ದಾರಿ ನಾಲಗೆ ಕೆಳಗೆ ಹಾಕುವ ಹನಿ ಅಥವಾ ಮಾತ್ರೆ. ಬಾಯಿಯ ಒಳಪೊರೆಯಲ್ಲಿ ಮಾಸ್ಟ್ ಕೋಶಗಳು ಕಡಿಮೆ, ಸಹನೆ ಕಲಿಸುವ ಕಾವಲು ಕೋಶಗಳು ಹೆಚ್ಚು. ಹಾಗಾಗಿ ಗಂಭೀರ ಪ್ರತಿಕ್ರಿಯೆ ಇಂಜೆಕ್ಷನ್ನಿಗಿಂತ ಅಪರೂಪ. ಮೊದಲ ಡೋಸು ಕ್ಲಿನಿಕ್ಕಿನಲ್ಲಿ, ಮಿಕ್ಕದ್ದು ಮನೆಯಲ್ಲಿ. ಹನಿಯಾದರೆ ಒಂದೆರಡು ನಿಮಿಷ ನಾಲಗೆ ಕೆಳಗೇ ಹಿಡಿದಿಟ್ಟು ನುಂಗಬೇಕು, ಐದು ನಿಮಿಷ ನೀರೂ ಬೇಡ. ಕೂಡಲೇ ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಅಲರ್ಜನ್ ಕರಗಿಹೋಗುತ್ತದೆ. ಮೊದಲ ದಿನಗಳಲ್ಲಿ ಬಾಯಿ, ಕಿವಿ ತುರಿಕೆ ಸಾಮಾನ್ಯ. ಬಾಯಿಹುಣ್ಣು ಇದ್ದಾಗ, ಹಲ್ಲು ಕೀಳಿಸಿದಾಗ ವಾಸಿಯಾಗುವ ತನಕ ನಿಲ್ಲಿಸಬೇಕು. ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಇದರ ದೊಡ್ಡ ಶತ್ರು ಮರೆವು. ದಿನವೂ ಹಾಕಬೇಕಾದದ್ದನ್ನು ಲಕ್ಷಣ ಕಡಿಮೆಯಾದ ಕೂಡಲೇ ಬಿಡುವವರು ಬಹಳ.

ಎಷ್ಟು ಫಲ, ಎಷ್ಟು ವರ್ಷ

ಲಕ್ಷಣ ಕಡಿಮೆಯಾಗುವುದು ಕೆಲವು ತಿಂಗಳ ನಂತರ. ನುಸಿ ಇಂಜೆಕ್ಷನ್ ಪಡೆದ ಮಕ್ಕಳಲ್ಲಿ ಅಸ್ತಮಾ ಹತೋಟಿ ಕೆಡದಂತೆ ಇನ್‌ಹೇಲರ್ ಸ್ಟೀರಾಯ್ಡಿನ ಪ್ರಮಾಣ ಇಳಿಸಲು ಸಾಧ್ಯವಾದದ್ದನ್ನು ಅಧ್ಯಯನಗಳು ತೋರಿಸಿವೆ. ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರುವುದನ್ನು ತಡೆಯುತ್ತದೆಯೇ ಎಂಬುದಕ್ಕೆ ಮಕ್ಕಳಲ್ಲಿ ಪುರಾವೆ ಅಷ್ಟು ಗಟ್ಟಿಯಿಲ್ಲ. ಮೂಗಿನ ಅಲರ್ಜಿ ಮಾತ್ರ ಇದ್ದ ಮಕ್ಕಳಲ್ಲಿ ಭರವಸೆಯ ಮಾತೊಂದಿದೆ. ಯುರೋಪಿನಲ್ಲಿ ಪರಾಗದ ಅಲರ್ಜಿಯಿದ್ದ 205 ಮಕ್ಕಳ ಅಧ್ಯಯನದಲ್ಲಿ ಮೂರು ವರ್ಷ ಇಂಜೆಕ್ಷನ್ ಪಡೆದವರಲ್ಲಿ ಮುಂದೆ ಅಸ್ತಮಾ ಬಂದದ್ದು ಕಡಿಮೆ, ಚಿಕಿತ್ಸೆ ಶುರುವಾದ ಹತ್ತು ವರ್ಷಗಳ ನಂತರ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು.

ಮೂರು ವರ್ಷ ಯಾಕೆ ಎಂಬುದಕ್ಕೂ ಪರೀಕ್ಷೆ ನಡೆದಿದೆ. 2017ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಹುಲ್ಲಿನ ಪರಾಗದ ಅಲರ್ಜಿಯಿದ್ದ ವಯಸ್ಕರಿಗೆ ಎರಡೇ ವರ್ಷ ಚಿಕಿತ್ಸೆ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಒಂದು ವರ್ಷಕ್ಕೆ ಚಿಕಿತ್ಸೆ ಪಡೆಯದವರಿಗಿಂತ ಅವರು ಉತ್ತಮ ಸ್ಥಿತಿಯಲ್ಲಿರಲಿಲ್ಲ. ಮೂರು ವರ್ಷ ಪೂರೈಸಿದರೆ ಫಲ ನಿಲ್ಲಿಸಿದ ಮೇಲೂ ವರ್ಷಗಳ ಕಾಲ ಉಳಿಯುತ್ತದೆ. ಮೂರರಿಂದ ಐದು ವರ್ಷ ಎನ್ನುವ ಲೆಕ್ಕಕ್ಕೆ ಇಂಥ ಪುರಾವೆಗಳ ಬೆಂಬಲವಿದೆ.

ಹಾಗಂತ ಫಲ ಕಾಣದಿದ್ದರೂ ಮೂರು ವರ್ಷ ಎಳೆಯಬೇಕಿಲ್ಲ. ನಿರ್ವಹಣಾ ಡೋಸು ಮುಟ್ಟಿ ಒಂದು ವರ್ಷವಾದರೂ ಮಗುವಿನಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೆ ಅಲರ್ಜನ್ ಆಯ್ಕೆ, ಡೋಸು, ಬಾಟಲಿಯ ತಂಪು, ಮನೆಯ ಹೊಗೆ, ಮಗು ಇನ್‌ಹೇಲರನ್ನು ಸ್ಪೇಸರ್ ಕೊಳವೆ ಹಾಕಿ ಸರಿಯಾಗಿ ಎಳೆಯುತ್ತಿದೆಯೇ ಎಂಬುದನ್ನೆಲ್ಲ ಮತ್ತೆ ಪರಿಶೀಲಿಸಬೇಕು. ಅದೆಲ್ಲ ಸರಿಯಿದ್ದೂ ಗುಣವಿಲ್ಲದಿದ್ದರೆ ಇಮ್ಯುನೊಥೆರಪಿ ನಿಲ್ಲಿಸಿ, ಇನ್‌ಹೇಲರ್ ಮುಂದುವರಿಸುವುದು ಸರಿ. ಕೋರ್ಸ್ ಮುಗಿಸಿದ ಮಗುವಿಗೆ ವರ್ಷಗಳ ನಂತರ ಉಬ್ಬಸ ಮರಳಿದರೆ ಹಳೆಯ ಚೀಟಿ ಹಿಡಿದು ಹಳೆಯ ಡೋಸಿಗೇ ಹೋಗಬಾರದು. ಮತ್ತೆ ಚರ್ಮದ ಪರೀಕ್ಷೆ ಮಾಡಿಸಿ, ಬೇಕೆನಿಸಿದರೆ ತೆಳು ಬಾಟಲಿಯಿಂದಲೇ ಶುರುಮಾಡಬೇಕು.